ಸಸ್ಯಸಾರವನ್ನು ಹಿಡಿದಿಡುವ ಮಣಿಗಳು



ಮನೆಯಲ್ಲಿ ಬದನೆಕಾಯಿ ಹೆಚ್ಚುವುದನ್ನು ನೀವು ನೋಡಿರುತ್ತೀರಿ. ಹೆಚ್ಚಿದ ಹೋಳುಗಳನ್ನು ಹಾಗೆಯೇ ತಟ್ಟೆಯಲ್ಲಿ ಬಿಡುವುದಿಲ್ಲ, ಕೂಡಲೇ ನೀರಿಗೆ ಹಾಕುತ್ತಾರೆ. ಬಾಳೆದಿಂಡಾದರೆ ಮಜ್ಜಿಗೆ ಬೆರೆಸಿದ ನೀರಿಗೆ. ಏಕೆಂದು ಕೇಳಿದರೆ, "ಇಲ್ಲದಿದ್ದರೆ ಕಪ್ಪಾಗುತ್ತದೆ" ಎಂಬ ಉತ್ತರ ಸಿಗುತ್ತದೆ. ಉತ್ತರವೇನೋ ಸರಿಯೇ. ಆದರೆ ಕಪ್ಪಾಗುವ ವಸ್ತು ಯಾವುದು? ನೀರಿನಲ್ಲಿ ಮುಳುಗಿದ್ದರೆ ಅದೇಕೆ ಕಪ್ಪಾಗುವುದಿಲ್ಲ?

ಬದನೆಕಾಯಿಯ ತಿರುಳಿನಲ್ಲಿ ಕ್ಲೋರೋಜೆನಿಕ್ ಆಮ್ಲ ಎಂಬ ಪದಾರ್ಥವಿದೆ. (ಹೆಸರಿನಲ್ಲಿ 'ಕ್ಲೋರೋ' ಇದ್ದರೂ ಇದರಲ್ಲಿ ಕ್ಲೋರಿನ್ ಇಲ್ಲ. ಗ್ರೀಕ್ ಭಾಷೆಯಲ್ಲಿ ಆ ಪದಕ್ಕೆ ಹಸಿರು ಎಂದರ್ಥ.) ಕಾಯಿ ಇಡಿಯಾಗಿರುವಾಗ ಈ ಆಮ್ಲ ಜೀವಕೋಶದ ಒಂದು ಭಾಗದಲ್ಲಿಯೂ ಅದನ್ನು ಬದಲಿಸುವ ಕಿಣ್ವ ಇನ್ನೊಂದು ಭಾಗದಲ್ಲಿಯೂ ಇರುತ್ತವೆ. ಚಾಕು ತಗುಲಿದಾಗ ನಡುವಿನ ಗೋಡೆ ಒಡೆಯುತ್ತದೆ. ಆಮ್ಲ, ಕಿಣ್ವ ಮತ್ತು ಗಾಳಿಯ ಆಕ್ಸಿಜನ್ ಮೂರೂ ಒಂದೆಡೆ ಸೇರುತ್ತವೆ. ಆಮ್ಲ ಉತ್ಕರ್ಷಣಗೊಂಡು ಕಂದು ಬಣ್ಣದ ಪದಾರ್ಥಗಳಾಗುತ್ತದೆ. ನೀರಿಗೆ ಹಾಕಿದಾಗ ಗಾಳಿಯ ಸಂಪರ್ಕ ತಪ್ಪುತ್ತದೆ, ಮಜ್ಜಿಗೆಯ ಹುಳಿ ಕಿಣ್ವದ ಕೆಲಸವನ್ನೂ ನಿಧಾನಗೊಳಿಸುತ್ತದೆ.

ಈಗ ಒಂದು ವಿಚಿತ್ರವನ್ನು ಗಮನಿಸಿ. ಇಷ್ಟು ಸುಲಭವಾಗಿ ಉತ್ಕರ್ಷಣಗೊಳ್ಳುವ ಇದೇ ಆಮ್ಲವನ್ನು ವಿಜ್ಞಾನಿಗಳು 'ಉತ್ಕರ್ಷಣ ನಿರೋಧಕ' ಅಥವಾ ಆಂಟಿಆಕ್ಸಿಡೆಂಟ್ ಎಂದು ಕರೆಯುತ್ತಾರೆ. ತನ್ನನ್ನೇ ಉಳಿಸಿಕೊಳ್ಳಲಾರದ್ದು ಇನ್ನೊಂದನ್ನು ಉಳಿಸುವುದೆಂದರೇನು?

ಹಬ್ಬಕ್ಕೆ ಮಾಡಿದ ಚಕ್ಕುಲಿ ಡಬ್ಬಿಯಲ್ಲಿ ಬಹಳ ದಿನ ಉಳಿದರೆ ಕಮಟು ವಾಸನೆ ಬರುತ್ತದೆ. ಎಣ್ಣೆಯ ಅಣುವೊಂದು ತನ್ನ ಹೈಡ್ರೋಜನ್ ಪರಮಾಣುವನ್ನು ಕಳೆದುಕೊಂಡಾಗ ಒಂಟಿ ಎಲೆಕ್ಟ್ರಾನ್ ಉಳಿಯುತ್ತದೆ. ಇಂಥ ಅಣುವೇ ಮುಕ್ತ ರ‍್ಯಾಡಿಕಲ್. ಅದಕ್ಕೆ ಆಕ್ಸಿಜನ್ ಸೇರುತ್ತದೆ. ಆಕ್ಸಿಜನ್ ಸೇರಿದ ಅಣು ಪಕ್ಕದ ಎಣ್ಣೆಯ ಅಣುವಿನಿಂದ ಹೈಡ್ರೋಜನ್ ಕಿತ್ತುಕೊಳ್ಳುತ್ತದೆ. ಕಳೆದುಕೊಂಡ ಅಣು ತನ್ನ ಪಕ್ಕದ್ದನ್ನು ಹಿಡಿಯುತ್ತದೆ. ಹೀಗೆ ಸರಪಳಿಯಾಗಿ ಕ್ರಿಯೆ ಮುಂದುವರಿಯುತ್ತದೆ. ಈ ಸಾಲಿನಲ್ಲಿ ಕ್ಲೋರೋಜೆನಿಕ್ ಆಮ್ಲದಂಥ ಪಾಲಿಫೀನಾಲ್ ಇದ್ದರೆ ಅದು ತನ್ನ ಹೈಡ್ರೋಜನ್ನನ್ನು ತಾನಾಗಿಯೇ ಕೊಟ್ಟುಬಿಡುತ್ತದೆ. ಅದರಲ್ಲಿ ಉಳಿಯುವ ಒಂಟಿ ಎಲೆಕ್ಟ್ರಾನ್ ಬೆಂಜೀನ್ ಉಂಗುರದ ಉದ್ದಗಲಕ್ಕೂ ಹಂಚಿಹೋಗುವುದರಿಂದ ಅದಕ್ಕೆ ಇನ್ನೊಬ್ಬರಿಂದ ಕಿತ್ತುಕೊಳ್ಳುವ ಆತುರವಿರುವುದಿಲ್ಲ. ಸರಪಳಿ ಅಲ್ಲಿಗೆ ತುಂಡಾಗುತ್ತದೆ. ಎಣ್ಣೆ ಉಳಿಯಿತು, ಪಾಲಿಫೀನಾಲ್ ಮುಗಿಯಿತು. ತಾನು ಮೊದಲು ಕೆಡುವುದೇ ಅದು ಮಾಡುವ ಕೆಲಸ.

ಈ ಗುಣದಿಂದಲೇ ತೊಂದರೆಯೂ ಹುಟ್ಟುತ್ತದೆ. ಎಲೆಯಿಂದಲೋ ಹಣ್ಣಿನಿಂದಲೋ ಇಂಥ ಸಾರವನ್ನು ತೆಗೆದು ಸೀಸೆಯಲ್ಲಿಟ್ಟರೆ ಬೆಳಕು, ಬಿಸಿ, ಗಾಳಿ ಮತ್ತು ಲೋಹದ ಅಯಾನುಗಳು ಅದನ್ನು ದಿನದಿನವೂ ತಿನ್ನುತ್ತವೆ. ಬೇಕಾದ ಹೊತ್ತಿಗೆ ಅದು ಆಗಲೇ ತನ್ನ ಕೆಲಸ ಮುಗಿಸಿರುತ್ತದೆ. ಜೊತೆಗೆ ಕಹಿ, ಒಗರು. ಆಹಾರಕ್ಕೆ ನೇರವಾಗಿ ಬೆರೆಸಿದರೆ ರುಚಿ ಕೆಡುತ್ತದೆ. ಆದ್ದರಿಂದ ಈ ಸಾರವನ್ನು ಯಾವುದಾದರೂ ಪುಟ್ಟ ಮಣಿಯೊಳಗೆ ಸೇರಿಸಿಟ್ಟು, ಬೇಕಾದ ಕಡೆ, ಬೇಕಾದ ಹೊತ್ತಿಗೆ ಬಿಡುಗಡೆ ಮಾಡಬಹುದೇ ಎಂಬ ಯೋಚನೆ ಬಂದಿತು. ಪರದೆಯ ಮೇಲಿನ ಭಾಷಣದಲ್ಲಿ ಸಮಯದ ಮಿತಿಯಿಂದ ಬಿಟ್ಟುಹೋದ ವಿವರಗಳನ್ನು ಸೇರಿಸಿ, ಈ ಕೆಲಸ ನಿಜವಾಗಿ ನಡೆದ ಒಂದು ಊರಿನ ಕಥೆಯನ್ನೇ ಇಲ್ಲಿ ಹೇಳುತ್ತೇನೆ.

ಆ ಊರು ದಕ್ಷಿಣ ಅಮೆರಿಕದ ಅರ್ಜೆಂಟೀನದಲ್ಲಿದೆ. ಅಲ್ಲಿನವರಿಗೆ ಕಾಫಿ, ಚಹಾಗಳಿಗಿಂತ ಪ್ರಿಯವಾದ ಪಾನೀಯವೆಂದರೆ ಯೆರ್ಬಾ ಮಾತೆ. ಈ 'ಮಾತೆ'ಗೂ ನಮ್ಮ ತಾಯಿಗೂ ಸಂಬಂಧವಿಲ್ಲ. ಅಲ್ಲಿಯ ಕೆಚುವಾ ಭಾಷೆಯಲ್ಲಿ ಸೋರೆಬುರುಡೆಗೆ 'ಮತಿ' ಎನ್ನುತ್ತಾರೆ, ಅದೇ ಮಾತೆಯಾಗಿದೆ. ಬುರುಡೆಯಲ್ಲಿ ಒಣ ಎಲೆಯ ಪುಡಿ ತುಂಬಿ, ಬಿಸಿನೀರು ಹೊಯ್ದು, ತುದಿಯಲ್ಲಿ ಸೋಸುಕವಿರುವ ಲೋಹದ ಕೊಳವೆಯಿಂದ ಹೀರುವುದು ಅಲ್ಲಿಯ ಪದ್ಧತಿ. ಗ್ವಾರಾನಿ ಎಂಬ ಮೂಲನಿವಾಸಿಗಳಿಂದ ಬಂದ ಪದ್ಧತಿ ಇದು. ಗಿಡದ ಸಸ್ಯಶಾಸ್ತ್ರೀಯ ಹೆಸರು ಐಲೆಕ್ಸ್ ಪರಾಗ್ವೇರಿಯೆನ್ಸಿಸ್. ಇದರ ಎಲೆಯಲ್ಲಿ ಕೆಫೀನ್ ಇದೆ, ಮತ್ತು ನಮ್ಮ ಬದನೆಕಾಯಿಯ ಅದೇ ಕ್ಲೋರೋಜೆನಿಕ್ ಆಮ್ಲ ಹಾಗೂ ಅದರ ಬಂಧುಗಳು ಹೇರಳವಾಗಿವೆ. ಕೊಡಗು, ಚಿಕ್ಕಮಗಳೂರುಗಳ ಹಸಿ ಕಾಫಿ ಬೀಜದಲ್ಲಿಯೂ ಈ ಆಮ್ಲ ಧಾರಾಳವಾಗಿದೆ, ಹುರಿಯುವಾಗ ಅದರಲ್ಲಿ ಬಹುಪಾಲು ನಾಶವಾಗುತ್ತದೆ.

ಬ್ಯೂನಸ್ ಐರಿಸ್ ಪ್ರಾಂತ್ಯದ ರಾಜಧಾನಿ ಲಾ ಪ್ಲಾಟ. ಅಲ್ಲಿ ಆಹಾರವನ್ನು ತಂಪಿನಲ್ಲಿ ಕಾಯ್ದಿಡುವ ತಂತ್ರಗಳನ್ನು ಅಧ್ಯಯನ ಮಾಡುವ ಸಿಡ್ಕಾ ಎಂಬ ಸಂಶೋಧನಾ ಕೇಂದ್ರವಿದೆ. ಅಲ್ಲಿಯ ಸಂಶೋಧಕರು ಮಾತೆ ಎಲೆಯ ಸಾರವನ್ನು ಆಲ್ಜಿನೇಟ್ ಎಂಬ ಪದಾರ್ಥದ ಮಣಿಗಳಲ್ಲಿ ಬಂಧಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. 2013ರಲ್ಲಿ ಅದೇ ಮಣಿಗೆ ಮೆಕ್ಕೆಜೋಳದ ಪಿಷ್ಟವನ್ನು ಸೇರಿಸಿ ನೋಡಿದರು. ಪಿಷ್ಟವನ್ನು ಏಕೆ ಸೇರಿಸಬೇಕಾಯಿತು ಎಂಬುದನ್ನು ಅರಿಯಬೇಕಾದರೆ ಮೊದಲು ಆಲ್ಜಿನೇಟಿನ ಗುಣ, ಅದರ ದೋಷ ಎರಡನ್ನೂ ತಿಳಿಯಬೇಕು.

ಆಲ್ಜಿನೇಟ್ ಸಿಗುವುದು ಸಮುದ್ರದ ಕಂದು ಪಾಚಿಗಳಲ್ಲಿ. ಕೆಲವು ಜಾತಿಗಳ ಒಣತೂಕದಲ್ಲಿ ನೂರಕ್ಕೆ ನಲವತ್ತರಷ್ಟು ಇದೇ ಇರುತ್ತದೆ. ಅಲೆಯ ಹೊಡೆತಕ್ಕೆ ಮುರಿಯದೆ ಬಾಗುವ ಶಕ್ತಿಯನ್ನು ಪಾಚಿಗೆ ಕೊಡುವುದು ಇದೇ. ಸ್ಕಾಟ್ಲೆಂಡಿನ ಕಡಲಪಾಚಿಯನ್ನು ಅಭ್ಯಾಸ ಮಾಡುತ್ತಿದ್ದ ಇ.ಸಿ.ಸಿ. ಸ್ಟ್ಯಾನ್‌ಫರ್ಡ್ ಎಂಬ ರಸಾಯನ ವಿಜ್ಞಾನಿ ಇದನ್ನು ಬೇರ್ಪಡಿಸುವ ವಿಧಾನಕ್ಕೆ 1881ರಲ್ಲಿ ಪೇಟೆಂಟ್ ಪಡೆದ. ನಮ್ಮ ದೇಶದಲ್ಲಿ ತಮಿಳುನಾಡಿನ ಮಂಡಪಂ ಸುತ್ತಲಿನ ಕಡಲಿನಲ್ಲಿ ಬೆಳೆಯುವ ಸಾರ್ಗ್ಯಾಸಮ್ ಮತ್ತು ಟರ್ಬಿನೇರಿಯ ಪಾಚಿಗಳು ಇದರ ಮೂಲ. ನೀವು ಐಸ್‌ಕ್ರೀಮಿನ ಮೂಲಕ ಇದನ್ನು ತಿಂದಿರಲಿಕ್ಕೂ ಸಾಕು. ದಂತವೈದ್ಯರು ಹಲ್ಲಿನ ಅಚ್ಚು ತೆಗೆಯಲು ಬಾಯಿಗೆ ಒತ್ತುವ ಮೆತ್ತನೆಯ ಮುದ್ದೆಯೂ ಸಾಮಾನ್ಯವಾಗಿ ಇದರದೇ.

ಸೋಡಿಯಂ ಆಲ್ಜಿನೇಟ್ ನೀರಿನಲ್ಲಿ ಕರಗಿ ಅಂಟಂಟಾದ ದ್ರಾವಣವಾಗುತ್ತದೆ. ಇದರ ಒಂದು ಹನಿಯನ್ನು ಕ್ಯಾಲ್ಸಿಯಂ ಕ್ಲೋರೈಡಿನ ದ್ರಾವಣಕ್ಕೆ ಬಿಟ್ಟರೆ ಹನಿ ಕರಗಿಹೋಗುವುದಿಲ್ಲ. ಬಿದ್ದ ಆಕಾರದಲ್ಲೇ ಹೊರಮೈ ಗಟ್ಟಿಯಾಗಿ, ಕೆಲವು ನಿಮಿಷಗಳಲ್ಲಿ ಒಳಗೂ ಗಟ್ಟಿಯಾಗಿ ಮಣಿಯಾಗುತ್ತದೆ. ತೂತಿನ ಸೌಟಿನಿಂದ ಬೂಂದಿ ಬಿಡುವುದನ್ನು ನೆನೆಸಿಕೊಳ್ಳಿ. ಅಲ್ಲಿ ಹಿಟ್ಟಿನ ಹನಿಯನ್ನು ಕಾಳಾಗಿಸುವುದು ಕಾದ ಎಣ್ಣೆ, ಇಲ್ಲಿ ತಣ್ಣನೆಯ ಕ್ಯಾಲ್ಸಿಯಂ ನೀರು. ಬಿಸಿ ಬೇಡವೆಂಬುದೇ ದೊಡ್ಡ ಅನುಕೂಲ. ಬಿಸಿಗೆ ಕೆಡುವ ಸಾರಕ್ಕೆ ಇದಕ್ಕಿಂತ ಸೌಮ್ಯವಾದ ವಿಧಾನ ಸಿಗುವುದು ಕಷ್ಟ. 1940ರ ದಶಕದಲ್ಲಿಯೇ ಪೆಸ್ಕಾರ್ಟ್ ಎಂಬಾತ ಇದೇ ಉಪಾಯದಿಂದ ಕೃತಕ ಚೆರ್ರಿ ಹಣ್ಣು ಮಾಡುವುದಕ್ಕೆ ಪೇಟೆಂಟ್ ಪಡೆದಿದ್ದ.

ಹನಿ ಗಟ್ಟಿಯಾಗುವುದು ಹೇಗೆ? ಆಲ್ಜಿನೇಟ್ ಉದ್ದನೆಯ ಸರಪಳಿಯಂಥ ಅಣು. ಅದರಲ್ಲಿ ಮ್ಯಾನ್ಯುರೋನಿಕ್ ಆಮ್ಲ, ಗುಲ್ಯುರೋನಿಕ್ ಆಮ್ಲ ಎಂಬ ಎರಡು ಬಗೆಯ ಕೊಂಡಿಗಳಿವೆ. ಪ್ರತಿ ಕೊಂಡಿಗೂ ಒಂದು ಋಣಾವೇಶ. ಸೋಡಿಯಂ ಅಯಾನಿಗೆ ಒಂದೇ ಧನಾವೇಶ, ಅದು ಒಂದು ಕೊಂಡಿಯ ಜೊತೆ ಇದ್ದು ಸುಮ್ಮನಾಗುತ್ತದೆ. ಕ್ಯಾಲ್ಸಿಯಂಗೆ ಎರಡು. ಅದು ಒಂದು ಕೈಯಲ್ಲಿ ಈ ಸರಪಳಿಯನ್ನೂ ಇನ್ನೊಂದು ಕೈಯಲ್ಲಿ ಆ ಸರಪಳಿಯನ್ನೂ ಹಿಡಿಯುತ್ತದೆ. ಗುಲ್ಯುರೋನಿಕ್ ಕೊಂಡಿಗಳು ಒತ್ತಾಗಿ ಬರುವ ಕಡೆ ಸರಪಳಿ ಡೊಂಕುಡೊಂಕಾಗಿ ಗುಳಿಗಳನ್ನು ಮಾಡಿಕೊಂಡಿರುತ್ತದೆ. ಅಂಗಡಿಯಲ್ಲಿ ಮೊಟ್ಟೆ ಇಡುವ ರಟ್ಟಿನ ತಟ್ಟೆಗಳೆರಡನ್ನು ಎದುರುಬದುರಾಗಿ ಜೋಡಿಸಿ, ಗುಳಿಗಳ ನಡುವೆ ಮೊಟ್ಟೆ ಕೂರಿಸಿದಂತೆ ಕ್ಯಾಲ್ಸಿಯಂ ಅಯಾನುಗಳು ಕೂರುತ್ತವೆ. 1973ರಲ್ಲಿ ಮಂಡಿಸಿದ ಈ ವಿವರಣೆಗೆ 'ಮೊಟ್ಟೆ ಪೆಟ್ಟಿಗೆ ಮಾದರಿ' ಎಂದೇ ಹೆಸರು. ಹೀಗೆ ಅಲ್ಲಲ್ಲಿ ಬಿಗಿದ ಸರಪಳಿಗಳ ಬಲೆಯೊಳಗೆ ನೀರು ಸಿಕ್ಕಿಕೊಂಡಿರುತ್ತದೆ. ಇದಕ್ಕೆ ಹೈಡ್ರೋಜೆಲ್ ಎನ್ನುತ್ತಾರೆ. ಕೈಗೆ ಗಟ್ಟಿ ಮಣಿಯೆನಿಸಿದರೂ ಅದರ ತೂಕದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೀರೇ.

ಬಲೆ ಎಂದೆ. ದೋಷ ಇರುವುದೂ ಅಲ್ಲಿಯೇ. ಮೀನಿನ ಬಲೆಯಲ್ಲಿ ಮರಳು ನಿಲ್ಲುವುದಿಲ್ಲ. ಆಲ್ಜಿನೇಟ್ ಬಲೆಯ ಕಣ್ಣುಗಳ ಅಗಲ ಸಾಮಾನ್ಯವಾಗಿ 5 ನ್ಯಾನೋಮೀಟರಿನಿಂದ 200 ನ್ಯಾನೋಮೀಟರಿನವರೆಗೆ. (ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ.) ಜೀವಕೋಶವೋ ದೊಡ್ಡ ಪ್ರೋಟೀನೋ ಆದರೆ ಸಿಕ್ಕಿಬೀಳುತ್ತದೆ. 1980ರಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಇಂಥ ಆವರಣದಲ್ಲಿಟ್ಟು ಇಲಿಗಳ ದೇಹದಲ್ಲಿ ಬದುಕಿಸಿದ್ದೂ ಉಂಟು. ಆದರೆ ಕ್ಲೋರೋಜೆನಿಕ್ ಆಮ್ಲದ ಅಣುತೂಕ ಬರೀ 354, ಅದರ ಗಾತ್ರ ಸುಮಾರು ಒಂದು ನ್ಯಾನೋಮೀಟರ್. ಅದಕ್ಕೆ ಈ ಬಲೆ ಹೆಬ್ಬಾಗಿಲಿದ್ದಂತೆ! ಆವೇಶದ ಸೆಳೆತವಾದರೂ ಇದೆಯೇ ಎಂದರೆ ಅದೂ ಇಲ್ಲ. ಆಲ್ಜಿನೇಟ್ ಋಣಾವೇಶದ್ದು, ಕರಗಿದ ಕ್ಲೋರೋಜೆನಿಕ್ ಆಮ್ಲವೂ ಋಣಾವೇಶದ್ದೇ.

ಇದರ ಫಲವೇನು? ಮಣಿ ಗಟ್ಟಿಯಾಗಲೆಂದು ಕ್ಯಾಲ್ಸಿಯಂ ದ್ರಾವಣದಲ್ಲಿ ಹತ್ತು ಹದಿನೈದು ನಿಮಿಷ ಬಿಡುತ್ತೇವಷ್ಟೆ. ಅಷ್ಟರೊಳಗೆ ಸಾರ ಹೆಚ್ಚಿರುವ ಮಣಿಯಿಂದ ಸಾರವಿಲ್ಲದ ದ್ರಾವಣಕ್ಕೆ ವಿಸರಣೆ ನಡೆಯುತ್ತಲೇ ಇರುತ್ತದೆ. ಮೂರು ಮಿಲಿಮೀಟರಿನ ಮಣಿಯ ನಡುವಿನಿಂದ ಹೊರಬರಲು ಇಷ್ಟು ಚಿಕ್ಕ ಅಣುವಿಗೆ ಕೆಲವೇ ನಿಮಿಷಗಳು ಸಾಕು. ಮಣಿಯೇನೋ ಕಣ್ಣಿಗೆ ಕಂದು ಬಣ್ಣದಿಂದ ತುಂಬಿದಂತೆ ಕಾಣುತ್ತದೆ. ಆದರೆ ಹಾಕಿದ್ದರಲ್ಲಿ ಒಂದು ದೊಡ್ಡ ಪಾಲು, ನಾವು ಚೆಲ್ಲಿಬಿಡುವ ಆ ದ್ರಾವಣದಲ್ಲಿ ಹೋಗಿರುತ್ತದೆ. ಇಂಥ ಮಣಿಗಳ ಬಗ್ಗೆ ಯಾರಾದರೂ ನಿಮಗೆ ಹೇಳಿದರೆ ಮೊದಲು ಕೇಳಬೇಕಾದ ಪ್ರಶ್ನೆ ಇದೇ: ಹಾಕಿದ್ದೆಷ್ಟು, ಉಳಿದದ್ದೆಷ್ಟು?

ಸೋರಿಕೆಗೆ ಪರಿಹಾರಗಳನ್ನು ಹುಡುಕಿದ್ದಾರೆ. ಕ್ಯಾಲ್ಸಿಯಂ ದ್ರಾವಣಕ್ಕೂ ಅದೇ ಸಸ್ಯಸಾರವನ್ನು ಬೆರೆಸಿಬಿಡುವುದು ಒಂದು. ಒಳಗೂ ಹೊರಗೂ ಸಾರತೆ ಸಮವಾದರೆ ಸೋರಿಕೆ ನಿಲ್ಲುತ್ತದೆ, ಆದರೆ ಸಾರ ಹೆಚ್ಚು ಬೇಕು. ಸೀಗಡಿ ಚಿಪ್ಪಿನಿಂದ ಸಿಗುವ ಕೈಟೋಸಾನ್ ಎಂಬ ಪದಾರ್ಥದ ಲೇಪ ಇನ್ನೊಂದು. ಅದು ಧನಾವೇಶದ್ದಾದ್ದರಿಂದ ಆಲ್ಜಿನೇಟಿಗೆ ಚೆನ್ನಾಗಿ ಅಂಟುತ್ತದೆ. ಲಾ ಪ್ಲಾಟದವರು ಇದನ್ನು ಮಾಡಿ ನೋಡಿದರು. ಲೇಪ ಹಚ್ಚಲು ಮಣಿಯನ್ನು ಮತ್ತೊಂದು ದ್ರಾವಣದಲ್ಲಿ ಅದ್ದಬೇಕಲ್ಲ! ಆ ಎರಡನೆಯ ಮುಳುಗಿನಲ್ಲಿ ಇನ್ನಷ್ಟು ಸಾರ ಹೊರಟುಹೋಯಿತು. ಬಾಗಿಲು ಹಾಕುವಷ್ಟರಲ್ಲಿ ಮನೆ ಖಾಲಿ.

ಪಿಷ್ಟ ಬರುವುದು ಇಲ್ಲಿ. ಹಪ್ಪಳ, ಸಂಡಿಗೆ, ಗಂಜಿಗಳಲ್ಲಿ ನಮಗೆ ಪರಿಚಯವಿರುವ ಪಿಷ್ಟವೇ. ಮೆಕ್ಕೆಜೋಳದ ಪಿಷ್ಟದ ಕಣಗಳು ಸುಮಾರು 5ರಿಂದ 20 ಮೈಕ್ರೋಮೀಟರ್ ಗಾತ್ರದವು. ತಣ್ಣೀರಿನಲ್ಲಿ ಇವು ಕರಗುವುದಿಲ್ಲ, ಉಬ್ಬಿ ಗಂಜಿಯಾಗಬೇಕಾದರೆ ಸುಮಾರು 62ರಿಂದ 72 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಆದ್ದರಿಂದ ತಣ್ಣನೆಯ ಆಲ್ಜಿನೇಟ್ ದ್ರಾವಣಕ್ಕೆ ಬೆರೆಸಿದಾಗ ಕಣಗಳು ಕಣಗಳಾಗಿಯೇ ಉಳಿದು, ಕಾಂಕ್ರೀಟಿನಲ್ಲಿ ಜಲ್ಲಿ ಕೂರುವಂತೆ ಮಣಿಯ ತುಂಬ ಕೂರುತ್ತವೆ. ಬಯಲನ್ನು ನೇರವಾಗಿ ದಾಟುವುದಕ್ಕೂ ಅದೇ ಬಯಲಿನಲ್ಲಿ ಜಾತ್ರೆ ನೆರೆದಿರುವಾಗ ಅಂಗಡಿ ಸಾಲುಗಳನ್ನು ಸುತ್ತಿ ಬಳಸಿ ದಾಟುವುದಕ್ಕೂ ಇರುವ ವ್ಯತ್ಯಾಸ ನಿಮಗೆ ಗೊತ್ತು. ಹೊರಡುವ ಅಣುವಿನ ದಾರಿಯೂ ಹೀಗೆ ಉದ್ದವಾಗುತ್ತದೆ. ಅಷ್ಟೇ ಅಲ್ಲ, ಪಿಷ್ಟದ ಮೇಲಿನ ಹೈಡ್ರಾಕ್ಸಿಲ್ ಗುಂಪುಗಳು ಪಾಲಿಫೀನಾಲಿನ ಹೈಡ್ರಾಕ್ಸಿಲ್ ಗುಂಪುಗಳೊಡನೆ ಹೈಡ್ರೋಜನ್ ಬಂಧ ಮಾಡಿಕೊಳ್ಳಬಲ್ಲವು. ಜಾತ್ರೆಯಲ್ಲಿ ಪರಿಚಯದವರು ಸಿಕ್ಕಿ ಮಾತಿಗೆ ನಿಲ್ಲಿಸಿದಂತೆ!

2013ರ ಅಧ್ಯಯನದಲ್ಲಿ ಪಿಷ್ಟ ಸೇರಿಸಿದ ಮಣಿಗಳು ಬರೀ ಆಲ್ಜಿನೇಟಿನ ಮಣಿಗಳಿಗಿಂತ ಹೆಚ್ಚು ಸಾರವನ್ನು ಹಿಡಿದಿಟ್ಟವು. ಹೆಚ್ಚಳವೇನೂ ಪವಾಡದಷ್ಟಲ್ಲ, ಸೋರಿಕೆ ಪೂರ್ತಿ ನಿಲ್ಲಲೂ ಇಲ್ಲ. ಆದರೆ ಇಷ್ಟು ಅಗ್ಗದ ಪದಾರ್ಥದಿಂದ, ಒಂದು ಮುಳುಗನ್ನೂ ಹೆಚ್ಚಿಸದೆ ಪಡೆದ ಲಾಭವೆಂಬುದನ್ನು ಮರೆಯಬಾರದು. ಒಣಗಿಸಿದಾಗ ಇನ್ನೊಂದು ಲಾಭ ಕಾಣುತ್ತದೆ. ಬರೀ ಆಲ್ಜಿನೇಟಿನ ಮಣಿ ನೀರು ಆರಿದಂತೆ ಒಣದ್ರಾಕ್ಷಿಯ ಹಾಗೆ ಕುಗ್ಗಿ ಸೊಟ್ಟಗಾಗುತ್ತದೆ, ಪಿಷ್ಟವಿರುವ ಮಣಿ ತನ್ನ ಗುಂಡು ಆಕಾರವನ್ನು ಅದಕ್ಕಿಂತ ಚೆನ್ನಾಗಿ ಉಳಿಸಿಕೊಳ್ಳುತ್ತದೆ. ಒದ್ದೆ ಮಣಿಯನ್ನು ಹಣ್ಣಿನ ರಸದಲ್ಲಿ ತೇಲಿಬಿಟ್ಟರೆ ಸಾರ ಬೇಗ ಹೊರಬರುವುದು ಖಚಿತ. ಹಾಗಾಗಿ ಒಣಗಿಸಿದ ಮಣಿಗಳನ್ನು ಒಣ ಆಹಾರಕ್ಕೆ ಸೇರಿಸುವುದೇ ಜಾಣತನ. ದಿಢೀರ್ ಸೂಪಿಗೆ ಇಂಥ ಸಾರವನ್ನು ಸೇರಿಸುವ ಪ್ರಯತ್ನವನ್ನೂ ಲಾ ಪ್ಲಾಟದವರು ಮಾಡಿದ್ದಾರೆ. ಪಿಷ್ಟ ಅತಿಯಾದರೂ ಕಷ್ಟವೇ. ಮಿಶ್ರಣ ಮಂದವಾಗಿ, ಬೀಳುವ ಹನಿಗೆ ಬಾಲ ಬಂದು, ಮಣಿ ಗೊದಮೊಟ್ಟೆಯಂತೆ ಕಾಣುತ್ತದೆ.

ತಿಂದ ಮೇಲೆ ಮಣಿಗೆ ಏನಾಗುತ್ತದೆ? ಜಠರದ ರಸ ಬಲವಾದ ಆಮ್ಲ. ಅಲ್ಲಿ ಆಲ್ಜಿನೇಟ್ ನೀರಿನಲ್ಲಿ ಕರಗದ ಆಲ್ಜಿನಿಕ್ ಆಮ್ಲವಾಗಿ ಬಿಗಿದು ಕುಗ್ಗುತ್ತದೆ, ಒಡೆಯುವುದಿಲ್ಲ. ಸಣ್ಣ ಕರುಳನ್ನು ತಲುಪಿದಾಗ ಹುಳಿ ಇಲ್ಲವಾಗುತ್ತದೆ. ಅಲ್ಲಿರುವ ಸೋಡಿಯಂ ಅಯಾನುಗಳು ಕ್ಯಾಲ್ಸಿಯಂನ ಜಾಗಕ್ಕೆ ಬರುತ್ತವೆ, ಫಾಸ್ಫೇಟ್ ಅಯಾನುಗಳು ಕ್ಯಾಲ್ಸಿಯಂ ಅನ್ನು ಸೆಳೆದುಕೊಳ್ಳುತ್ತವೆ. ಮೊಟ್ಟೆ ತೆಗೆದ ಮೇಲೆ ತಟ್ಟೆಗಳು ಬೇರೆಯಾಗಲೇಬೇಕು. ಮಣಿ ಉಬ್ಬಿ ಸಡಿಲವಾಗಿ ಚದುರುತ್ತದೆ, ಪಿಷ್ಟವನ್ನು ಮೇದೋಜೀರಕ ಗ್ರಂಥಿಯ ಅಮೈಲೇಸ್ ಕಿಣ್ವ ಅರಗಿಸುತ್ತದೆ. ಕೃತಕ ಜೀರ್ಣರಸಗಳಲ್ಲಿ ಪರೀಕ್ಷಿಸಿದಾಗ, ಪಿಷ್ಟವಿದ್ದ ಮಣಿಗಳಲ್ಲಿ ಸಾರ ಹೊರಬರುವ ರೀತಿಯೂ ಬದಲಾಗಿತ್ತು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. 'ಆಂಟಿಆಕ್ಸಿಡೆಂಟ್' ಎಂಬ ಪದವನ್ನು ಜಾಹೀರಾತುಗಳು ಅಮೃತವೆಂಬಂತೆ ಬಳಸುತ್ತವೆ. ಪರೀಕ್ಷಾನಾಳದಲ್ಲಿ ರ‍್ಯಾಡಿಕಲ್‌ಗಳನ್ನು ತಣಿಸಿದ್ದೆಲ್ಲ ದೇಹದಲ್ಲಿಯೂ ಹಾಗೆಯೇ ಮಾಡುತ್ತದೆ ಎನ್ನುವಂತಿಲ್ಲ. ಫಿನ್ಲೆಂಡಿನಲ್ಲಿ 29,133 ಮಂದಿ ಧೂಮಪಾನಿಗಳ ಮೇಲೆ ನಡೆದ ಅಧ್ಯಯನದ ಫಲಿತಾಂಶ 1994ರಲ್ಲಿ ಹೊರಬಂದಾಗ, ಬೀಟಾ ಕ್ಯಾರೋಟಿನ್ ಮಾತ್ರೆ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ನೂರಕ್ಕೆ 18ರಷ್ಟು ಹೆಚ್ಚಾಗಿತ್ತು. ಆಹಾರಗಳ ಉತ್ಕರ್ಷಣ ನಿರೋಧಕ ಶಕ್ತಿಯ ಅಂಕಪಟ್ಟಿಯೊಂದನ್ನು ಪ್ರಕಟಿಸಿದ್ದ ಅಮೆರಿಕದ ಕೃಷಿ ಇಲಾಖೆ, ಅದರ ದುರ್ಬಳಕೆಯನ್ನು ಕಂಡು 2012ರಲ್ಲಿ ಹಿಂತೆಗೆದುಕೊಂಡಿತು. ನನ್ನ ಮಟ್ಟಿಗೆ ಈ ಮಣಿಗಳ ಭರವಸೆಯ ಉಪಯೋಗವೆಂದರೆ ಆಹಾರವನ್ನೇ ಕೆಡದಂತೆ ಕಾಯುವುದು, ಸಸ್ಯಸಾರವನ್ನು ವ್ಯರ್ಥವಾಗದಂತೆ ಕಾಯ್ದಿಡುವುದು. ಆಯುಸ್ಸು ಹೆಚ್ಚಿಸುವ ಮಾತು ಇಲ್ಲಿಗೆ ಸಲ್ಲದು.

ಕಾಲೇಜಿನ ಪ್ರಯೋಗಶಾಲೆಯಲ್ಲಿ ಅಧ್ಯಾಪಕರ ಸಮ್ಮುಖದಲ್ಲಿ ನೀವೂ ಇದನ್ನು ಮಾಡಿ ನೋಡಬಹುದು. ಮಾತೆ ಎಲೆ ಬೇಕಿಲ್ಲ, ಚಹಾ ಡಿಕಾಕ್ಷನ್ ಸಾಕು. ಹಾಲು ಬೇಡ, ಹಾಲಿನ ಕ್ಯಾಲ್ಸಿಯಂ ಆಲ್ಜಿನೇಟನ್ನು ಪಾತ್ರೆಯಲ್ಲೇ ಗಂಟುಗಟ್ಟಿಸುತ್ತದೆ. ಕೊಳವೆಬಾವಿಯ ಗಡಸು ನೀರೂ ಅದೇ ಕೆಲಸ ಮಾಡುವುದರಿಂದ ಬಟ್ಟಿಯಿಳಿಸಿದ ನೀರಿನಲ್ಲೇ ಡಿಕಾಕ್ಷನ್ ತಯಾರಿಸಿ ಆರಿಸಿ. 100 ಮಿಲಿಲೀಟರ್ ಡಿಕಾಕ್ಷನ್‌ಗೆ 2 ಗ್ರಾಂ ಸೋಡಿಯಂ ಆಲ್ಜಿನೇಟನ್ನು ಸ್ವಲ್ಪಸ್ವಲ್ಪವೇ ಉದುರಿಸುತ್ತ ಕಲಕಿ. ಒಮ್ಮೆಗೇ ಸುರಿದರೆ ಉಪ್ಪಿಟ್ಟಿನ ಗಂಟುಗಳೇ ಗತಿ. ಗಾಳಿಗುಳ್ಳೆ ಹೋಗುವಂತೆ ಕೆಲವು ಗಂಟೆ ಬಿಟ್ಟು, ಎರಡು ಸಮಪಾಲು ಮಾಡಿ. ಒಂದು ಪಾಲಿಗೆ 1 ಗ್ರಾಂ ಕಾರ್ನ್‌ಫ್ಲೋರ್ ಬೆರೆಸಿ. ಎರಡು ಬೀಕರುಗಳಲ್ಲಿ ತಲಾ 100 ಮಿಲಿಲೀಟರ್ ಬಟ್ಟಿಯಿಳಿಸಿದ ನೀರಿಗೆ ಒಂದೂವರೆ ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿ. ಸೂಜಿ ತೆಗೆದ ಸಿರಿಂಜಿನಿಂದ, ಒಂದು ಗೇಣು ಎತ್ತರದಿಂದ, ಎರಡು ಮಿಶ್ರಣಗಳನ್ನೂ ಒಂದೊಂದು ಬೀಕರಿಗೆ ಸಮ ಪ್ರಮಾಣದಲ್ಲಿ ಹನಿಹನಿಯಾಗಿ ಬಿಡಿ. ಪ್ರಯೋಗಶಾಲೆಯ ಪದಾರ್ಥವಾದ್ದರಿಂದ ಮಣಿಗಳನ್ನು ತಿನ್ನಬಾರದು.

ಹದಿನೈದು ನಿಮಿಷದ ನಂತರ ಮಣಿಗಳನ್ನು ಸೋಸಿ. ಪಿಷ್ಟವಿರುವ ಒಂದು ಮಣಿಯನ್ನು ಬ್ಲೇಡಿನಿಂದ ಕತ್ತರಿಸಿ ಅಯೋಡಿನ್ ದ್ರಾವಣದ ಹನಿ ಹಾಕಿದರೆ ನೀಲಿ ಬಣ್ಣ ಎಲ್ಲೆಲ್ಲಿ ಮೂಡುತ್ತದೆಂದು ಭೂತಗನ್ನಡಿಯಲ್ಲಿ ನೋಡಿ. ಕೆಲವು ಮಣಿಗಳನ್ನು ವಿನೆಗರಿನಲ್ಲಿಯೂ ಕೆಲವನ್ನು ಸೋಡಿಯಂ ಸಿಟ್ರೇಟ್ ದ್ರಾವಣದಲ್ಲಿಯೂ ಹಾಕಿಡಿ. ಎರಡನೆಯದರಲ್ಲಿ ಅವು ಮೆತ್ತಗಾಗಿ ಕರಗುತ್ತವೆ, ಸಿಟ್ರೇಟ್ ಕ್ಯಾಲ್ಸಿಯಂ ಅನ್ನು ಕಿತ್ತುಕೊಳ್ಳುವುದೇ ಅದಕ್ಕೆ ಕಾರಣ.

ಸೋಸಿ ಉಳಿದ ಆ ಎರಡು ಬೀಕರುಗಳ ನೀರನ್ನು ಮಾತ್ರ ಚೆಲ್ಲಬೇಡಿ. ಎರಡು ಪರೀಕ್ಷಾನಾಳಗಳಲ್ಲಿ ಸಮನಾಗಿ ತೆಗೆದುಕೊಂಡು ಒಂದೊಂದಕ್ಕೂ ಎರಡೆರಡು ಹನಿ ಫೆರಿಕ್ ಕ್ಲೋರೈಡ್ ದ್ರಾವಣ ಹಾಕಿ. ಚಹಾದ ಪಾಲಿಫೀನಾಲ್ ಅದರೊಡನೆ ಸೇರಿ ಕಡು ಬಣ್ಣ ಕೊಡುತ್ತದೆ. ಯಾವ ನಾಳದ ಬಣ್ಣ ಹೆಚ್ಚು ಗಾಢವೋ ಆ ಮಣಿಯಿಂದ ಸೋರಿದ್ದು ಹೆಚ್ಚು. ಬಿಳಿಯ ಕಾಗದವನ್ನು ಹಿಂದಿಟ್ಟು ಹೋಲಿಸಿ ನೋಡಿ. ಎರಡರಲ್ಲಿ ವ್ಯತ್ಯಾಸವೇ ಕಾಣದಿದ್ದರೆ ಅದನ್ನೂ ಹಾಗೆಯೇ ದಾಖಲೆ ಪುಸ್ತಕದಲ್ಲಿ ಬರೆದು, ಮುಂದಿನ ಸಲ ಪಿಷ್ಟವನ್ನು ಎರಡು ಗ್ರಾಂ ಮಾಡಿ ನೋಡಿ.